ಎಫೀ ಚಿಕ್ಕಮ್ಮ ಕಾಪಾಡಿದ ಬೂಟುಗಳು

ನನ್ನ ಜೊತೆ ಬಂದ ಕಾಗದವನ್ನು ಎಫೀ ಚಿಕ್ಕಮ್ಮ ತಲೆಕೆಳಗಾಗಿ ಹಿಡಿದು ನೋಡಿ, "ಹುಡುಗಿ ಹೆಸರು ಬ್ರೈಡಿ ಅಂತ ಬರ್ದಿದೆ, ಸರಿಯಾಗೇ ಇದೆ" ಎಂದಳಂತೆ. ಅವಳಿಗೆ ಓದು ಬರುತ್ತಿರಲಿಲ್ಲ. ನನಗೆ ಆಗ ಈ ದ್ವೀಪದ ಮಾತು ಬರುತ್ತಿರಲಿಲ್ಲ.

ಗ್ಲಾಸ್ಗೋದಲ್ಲಿ ಅಪ್ಪ, ಅಮ್ಮ ಇಬ್ಬರೂ ಕೆಮ್ಮಿ ಕೆಮ್ಮಿ ಸತ್ತ ಮೇಲೆ ಪಟ್ಟಣದ ಕಚೇರಿಯವರು ನನ್ನನ್ನು ಹಡಗು ಹತ್ತಿಸಿ ಊಯಿಸ್ಟ್ ದ್ವೀಪಕ್ಕೆ ಕಳಿಸಿದರು. ನಮ್ಮಂಥ ಎಷ್ಟೋ ಮಕ್ಕಳನ್ನು ಹೀಗೆ ರೈತರ ಮನೆಗಳಲ್ಲಿ ಬಿಡುತ್ತಿದ್ದರು. ನನಗೆ ಏಳು ವರ್ಷ. ನಾನು ಚಿಕ್ಕಮ್ಮ ಅನ್ನುತ್ತಿದ್ದರೂ ಎಫೀ ನನಗೆ ಸಂಬಂಧಿಯಲ್ಲ; ಅವಳಿಗೆ ಮದುವೆಯೂ ಆಗಿರಲಿಲ್ಲ. ಒಂದು ಹಸು, ಒಂದಿಷ್ಟು ಆಲೂಗಡ್ಡೆ ಹೊಲ, ಹುಲ್ಲು ಹೊದಿಸಿದ ಮನೆ, ಅಷ್ಟೇ ಅವಳ ಆಸ್ತಿ. ಮೊದಲ ದಿನವೇ ಹಾಸಿಗೆಯಲ್ಲಿ ಗೋಡೆಯ ಕಡೆಯ ಬೆಚ್ಚಗಿನ ಜಾಗ ನನಗೆ ಕೊಟ್ಟಳು.

ಕಚೇರಿಯಿಂದ ವರ್ಷಕ್ಕೊಂದು ಜೊತೆ ಬೂಟು ಬರುತ್ತಿತ್ತು. ಅಡಿಯಲ್ಲಿ ಕಬ್ಬಿಣದ ಮೊಳೆ ಹೊಡೆದ ದಪ್ಪ ಬೂಟು. ನಮ್ಮ ದ್ವೀಪದಲ್ಲಿ ಆಲೂಗಡ್ಡೆ ನೆಟ್ಟಾಗಿನಿಂದ ಕೀಳುವವರೆಗೆ ಯಾವ ಮಗುವೂ ಕಾಲಿಗೆ ಏನೂ ಹಾಕುತ್ತಿರಲಿಲ್ಲ. ಬೂಟು ಏನಿದ್ದರೂ ಚರ್ಚಿಗೆ, ಸಾವಿಗೆ.

ನನಗೆ ಒಂಬತ್ತಾದಾಗ ಬೇಸಿಗೆಯಲ್ಲಿ, ಮಕ್ಕಳನ್ನು ಹೇಗೆ ಸಾಕುತ್ತಿದ್ದಾರೆಂದು ನೋಡಲು ಆ ಕಚೇರಿಯ ಇನ್ಸ್‌ಪೆಕ್ಟರು ಬಂದರು. ಹಿಂದಿನ ವರ್ಷ ಪಕ್ಕದ ಹಳ್ಳಿಯಿಂದ ಒಬ್ಬಳು ಹುಡುಗಿಯನ್ನು ವಾಪಸು ಕರೆದೊಯ್ದಿದ್ದವರು ಅವರೇ. ಅವರ ಇಂಗ್ಲಿಷನ್ನು ಎಫೀಗೆ ಹೇಳಲು ಪಕ್ಕದ ಮನೆಯ ಮುದುಕ ಲಾಕ್ಲನ್ ಬಂದು ಕೂತ. ಹಿಂದೆ ಹಡಗಿನಲ್ಲಿ ದುಡಿದವನು.

ಇನ್ಸ್‌ಪೆಕ್ಟರು ನನ್ನ ಕಾಲು ನೋಡಿದರು. "ಬೂಟೆಲ್ಲಿ?"

ಎಫೀಯ ಮುಖ ಅರಳಿತು. ಪೆಟ್ಟಿಗೆ ತೆಗೆದು, ತನ್ನ ತಾಯಿಯ ಉಣ್ಣೆ ಶಾಲು ಬಿಚ್ಚಿ, ಮೂರು ಜೊತೆ ಬೂಟುಗಳನ್ನು ಸಾಲಾಗಿ ಇಟ್ಟಳು. ಕುರಿಕೊಬ್ಬು ಹಚ್ಚಿ ಹಚ್ಚಿ ಮಿರಮಿರ ಮಿಂಚುತ್ತಿದ್ದವು.

"ಒಂದು ಗೀರೂ ಬಿದ್ದಿಲ್ಲ ಅಂತ ಹೇಳು ಸಾಹೇಬ್ರಿಗೆ!"

ಸಾಹೇಬರು ಕೆಂಪಾಗಿ ಏನೋ ಅಂದರು. ಎಫೀ ಲಾಕ್ಲನ್ ಕಡೆ ತಿರುಗಿದಳು.

"ಏನಂತೆ? ಹೊಗಳ್ತಿದಾರಾ?"

"ಇಲ್ಲ ಕಣೇ ಎಫೀ. ಮಗೂನ ಬರಿಗಾಲಲ್ಲಿ ಬಿಟ್ಟಿದೀಯಂತೆ. ಕರ್ಕೊಂಡು ಹೋಗ್ತಾರಂತೆ."

ನಾನು ಅವಳ ಲಂಗ ಹಿಡಿದುಕೊಂಡೆ. ಎಫೀ ಪೆಟ್ಟಿಗೆಯ ತಳದಿಂದ ಗೋಣಿಯಲ್ಲಿ ಸುತ್ತಿದ್ದ ಇನ್ನೊಂದು ಜೊತೆ ತೆಗೆದು ನನ್ನ ಬೂಟಿನ ಪಕ್ಕದಲ್ಲಿಟ್ಟಳು. ಅವಳಿಗಿದ್ದದ್ದು ಅದೊಂದೇ ಜೊತೆ. ಇನ್ಸ್‌ಪೆಕ್ಟರು ಗೋಣಿ ನೋಡಿದರು, ಶಾಲು ನೋಡಿದರು, ಅವಳ ಬರಿಗಾಲು ನೋಡಿದರು. ಆಮೇಲೆ, "ಒಂದು ತಿಂಗಳು. ಮತ್ತೆ ಬರ್ತೀನಿ. ಬೂಟು ಸವೆದಿರಬೇಕು, ಇಲ್ದಿದ್ರೆ ಹುಡುಗಿ ನನ್ನ ಜೊತೆ ಹಡಗು ಹತ್ತುತ್ತಾಳೆ" ಎಂದರು.

ಮಾರನೆಯ ದಿನದಿಂದ ನಾನು ಹೊಸ ಬೂಟು ಹಾಕಿಕೊಂಡು ಹಸುವಿನ ಹಿಂದೆ ಓಡಿದೆ. ನಾಲ್ಕನೆಯ ದಿನಕ್ಕೆ ಹಿಮ್ಮಡಿಯೆಲ್ಲ ಬೊಬ್ಬೆ. ಆಗ ಲಾಕ್ಲನ್‌ನ ಮೊಮ್ಮಕ್ಕಳು ಹಾಕಿಕೊಂಡರು. ಆಮೇಲೆ ಹಳ್ಳಿಯ ಮಕ್ಕಳೆಲ್ಲ ಸರದಿಯ ಮೇಲೆ ಹಾಕಿ ಸವೆಸಿದರು. ಕಡಲತಡಿಯ ಬಂಡೆಗಳ ಮೇಲೆ ದಿನವಿಡೀ ಟಕಟಕ ಸದ್ದು. ಸಂಜೆ ಎಫೀ ತಾನೇ ಬೂಟಿನೊಳಗೆ ಕೈ ತೂರಿಸಿ, ಕಣ್ಣು ಮುಚ್ಚಿಕೊಂಡು, ಹೊಸ್ತಿಲ ಕಲ್ಲಿಗೆ ಉಜ್ಜುತ್ತಿದ್ದಳು.

"ಇನ್ನೂ ನಾಲ್ಕು ಗೀರು ಹಾಕೇ, ಸಾಹೇಬ್ರಿಗೆ ಕಣ್ಣು ಮಂಜು" ಎಂದು ಲಾಕ್ಲನ್ ಕೆಣಕುತ್ತಿದ್ದ.

"ಬಾಯ್ಮುಚ್ಚೋ ಮುದುಕಾ! ಇಲ್ಲಿ ನನ್ನ ಕರುಳು ಗೀರ್ತಿದೆ."

ಇನ್ಸ್‌ಪೆಕ್ಟರು ಹೇಳಿದಂತೆ ಬಂದರು. ಬೂಟು ಮಗುಚಿ ಮೊಳೆ ಮುಟ್ಟಿ ನೋಡಿದರು. ಹೊರಗೆ ಬರಿಗಾಲಲ್ಲಿ ಕುಣಿಯುತ್ತಿದ್ದ ಮಕ್ಕಳನ್ನೂ ನೋಡಿದರು. ಮೀಸೆಯಡಿ ನಕ್ಕರೋ ಏನೋ, ಟೀ ಕುಡಿದು, ಓಟ್ಸ್ ರೊಟ್ಟಿ ತಿಂದು, ಕಾಗದಕ್ಕೆ ಸಹಿ ಹಾಕಿ ಹೋದರು.

ಹಡಗಿನ ಹೊಗೆ ಕಣ್ಮರೆಯಾಗುವ ತನಕ ಎಫೀ ದಡದಲ್ಲೇ ನಿಂತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಬಿಚ್ಚೇ ಬೂಟು!" ಎಂದಳು. ಕೊಬ್ಬು ಹಚ್ಚಿದಳು, ಶಾಲಿನಲ್ಲಿ ಸುತ್ತಿದಳು, ಪೆಟ್ಟಿಗೆಗೆ ಹಾಕಿದಳು.

ನಾನು ಇದೇ ದ್ವೀಪದಲ್ಲಿ ಮದುವೆಯಾದೆ, ಗಂಡನನ್ನು ಇದೇ ಮಣ್ಣಿಗೆ ಕೊಟ್ಟೆ. ಪೆಟ್ಟಿಗೆ ಈಗ ನನ್ನ ಹಾಸಿಗೆಯ ಕೆಳಗಿದೆ. "ಇಷ್ಟು ಸವೆದಿರೋ ಬೂಟು ಯಾಕಿಟ್ಕೊಂಡಿದೀಯ ಅಜ್ಜಿ? ಎಸಿ" ಅನ್ನುತ್ತಾಳೆ ಮೊಮ್ಮಗಳು.

ಹೇಗೆ ಎಸೆಯಲಿ? ನನ್ನನ್ನು ಉಳಿಸಿಕೊಳ್ಳಲು ಊರೆಲ್ಲ ಸೇರಿ ಸವೆಸಿದ ಬೂಟು ಅದು.