ಟೈಪಿಸ್ಟಮ್ಮನ ಗಾಳದ ಕೋಲು

ನಮ್ಮ ಶಾಲೆಯ ಕಚೇರಿಯಲ್ಲಿ ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದವರನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಮುಖ್ಯೋಪಾಧ್ಯಾಯರಿಗೂ ಅವರು ಟೈಪಿಸ್ಟಮ್ಮ, ಗಂಟೆ ಬಾರಿಸುವವನಿಗೂ ಟೈಪಿಸ್ಟಮ್ಮ. ನಾನು ಕೈಬರಹದಲ್ಲಿ ಕೊಟ್ಟ ಪ್ರಶ್ನೆಪತ್ರಿಕೆಯನ್ನು ಎಡಗಡೆ ಇಟ್ಟುಕೊಂಡು, ಕೀಲಿಗಳ ಕಡೆಗೆ ಒಮ್ಮೆಯೂ ನೋಡದೆ ಅವರು ಟೈಪ್ ಮಾಡುತ್ತಿದ್ದರು. ಒಳಗಿನ ಕಾರ್ಬನ್ ಹಾಳೆ ಒಂದಿಷ್ಟು ಸುಕ್ಕಾಗಿದ್ದರೂ ಥಟ್ಟನೆ ನಿಲ್ಲಿಸಿ, ಹಾಳೆ ತೆಗೆದು ಸವರಿ, ಮತ್ತೆ ಸೇರಿಸುತ್ತಿದ್ದರು. ಅದು ಹೇಗೆ ತಿಳಿಯಿತೆಂದು ಕೇಳಿದರೆ, ಬೆರಳು ಹೇಳಿತು ಎನ್ನುವರು. ಅದರಲ್ಲಿ ಜಂಬವಿರಲಿಲ್ಲ.

ನಿವೃತ್ತಿಯಾದ ಮೇಲೆ ಅವರೂ ನಾನೂ ಒಂದೇ ಕಟ್ಟಡದ ಎರಡನೆಯ ಅಂತಸ್ತಿನಲ್ಲಿ, ಎದುರುಬದುರು ಮನೆಗಳಲ್ಲಿದ್ದೆವು. ಅವರ ಯಜಮಾನರು ಲೇತ್ ಯಂತ್ರದ ಕೆಲಸಗಾರರು. ಹೇಳಿದ ಅಳತೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕಬ್ಬಿಣವನ್ನು ಕಡೆದುಕೊಡುವ ಮನುಷ್ಯ. ಬೀದಿಯವರು ಅವರಿಗೆ ಕಬ್ಬಿಣದಣ್ಣ ಎಂದು ಹೆಸರಿಟ್ಟಿದ್ದರು. ಮಾತೂ ಹಾಗೆಯೇ, ಗಟ್ಟಿ ಮತ್ತು ಕಡಿಮೆ.

ಊರಾಚೆ ಒಂದು ಹಳೆಯ ಕಲ್ಲುಗಣಿ ಇದೆ. ಕಲ್ಲು ತೆಗೆಯುವುದು ನಿಂತ ಮೇಲೆ ನೀರು ತುಂಬಿ, ಈಗ ಅದು ಆಳವಾದ ಕೆರೆ. ದೊಡ್ಡ ಮೀನುಗಳು ಅಲ್ಲಿ ಮೇಲಕ್ಕೆ ಬರುವುದಿಲ್ಲ. ಕಲ್ಲು ಕಡಿದ ಮೆಟ್ಟಿಲುಗಳ ಸಂದಿಯಲ್ಲಿ, ಮೂರಾಳು ನೀರಿನಲ್ಲಿ ಇರುತ್ತವೆ. ಭಾನುವಾರ ಬೆಳಗಾದರೆ ಟೈಪಿಸ್ಟಮ್ಮ ಅಲ್ಲಿರುತ್ತಿದ್ದರು. ಗಾಳಕ್ಕೆ ಹುಳುವಿನ ಬದಲು ಅವರು ಕಟ್ಟುತ್ತಿದ್ದುದು ಸಣ್ಣ ಕೊಕ್ಕೆಗಳಿರುವ, ಬೆರಳುದ್ದದ ಪ್ಲಾಸ್ಟಿಕ್ ಮೀನು. ಅದರ ಬಾಯಿಯ ಕೆಳಗೆ ಅಗಲವಾದ ನಾಲಿಗೆಯೊಂದು ಚಾಚಿಕೊಂಡಿರುತ್ತದೆ. ಕೋಲಿನ ಬುಡದ ರಾಟೆಗೆ ದಾರ ಸುತ್ತಿದಷ್ಟೂ ನೀರು ಆ ನಾಲಿಗೆಯನ್ನು ಒತ್ತಿ, ಅದು ಗಡಗಡ ನಡುಗುತ್ತ ಆಳಕ್ಕೆ ಇಳಿಯುತ್ತದೆ. ಟೈಪಿಸ್ಟಮ್ಮ ಕಣ್ಣು ಮುಚ್ಚಿಕೊಂಡು, ಅದು ತಳಕ್ಕೆ ತಾಗುವುದನ್ನು ಕೈಯಲ್ಲೇ ಅರಿಯುತ್ತ ದಾರ ಸುತ್ತುವರು. “ಇದು ಜಲ್ಲಿ, ಇದು ಬಂಡೆ, ಈಗ ಮರದ ಬೇರು” ಎಂದು ನನಗೆ ಪಾಠ ಒಪ್ಪಿಸುವರು. ಕಬ್ಬಿಣದಣ್ಣ ಪಕ್ಕದಲ್ಲಿ ಪತ್ರಿಕೆ ಹಿಡಿದು ಕುಳಿತಿರುವರು. ಅವರು ಒಂದು ದಿನವೂ ಗಾಳ ಹಾಕಿದವರಲ್ಲ. ಆದರೆ ಮೀನು ಎತ್ತುವ ಬಲೆಯ ಹಿಡಿಯನ್ನು ಅವರೇ ಕಡೆದುಕೊಟ್ಟಿದ್ದರು.

ಅರವತ್ತೆರಡನೆಯ ವಯಸ್ಸಿನಲ್ಲಿ ಟೈಪಿಸ್ಟಮ್ಮನಿಗೆ ಲಕ್ವ ಹೊಡೆಯಿತು. ಗಣಿಗೆ ಹೊರಟವರು ನಮ್ಮ ಮೆಟ್ಟಿಲ ಮೇಲೆಯೇ ಕುಸಿದರು. ಅವರ ಹಳೆಯ ಕೋಲೂ ಅವರ ಕೆಳಗೆ ಸಿಕ್ಕಿ ಎರಡು ತುಂಡಾಯಿತು. ಕಾಲು ಬೇಗ ಸರಿಹೋಯಿತು, ಮಾತು ಕೆಡಲಿಲ್ಲ. ಆದರೆ ಬಲಗೈ ಹಿಡಿತ ಕಳೆದುಕೊಂಡಿತು. ಲೋಟ ಹಿಡಿದರೆ ಜಾರುತ್ತಿತ್ತು. ದಿನಕ್ಕೆ ನಾನೂರು ಸಲ ರಬ್ಬರ್ ಚೆಂಡು ಹಿಸುಕಬೇಕು, ಬಿಟ್ಟರೆ ಕೈ ಹಾಗೆಯೇ ಉಳಿದುಬಿಡುತ್ತದೆ ಎಂದು ವ್ಯಾಯಾಮ ಕಲಿಸುವಾಕೆ ಎಚ್ಚರಿಸಿದ್ದಳು. ಮತ್ತೆ ಗಣಿಗೆ ಹೋಗುವ ಆಸೆಯಿಂದಲೇ ಟೈಪಿಸ್ಟಮ್ಮ ಚೆಂಡು ಹಿಸುಕುತ್ತಿದ್ದರು. ಎಣಿಕೆ ನನ್ನ ಮನೆಗೂ ಕೇಳಿಸುತ್ತಿತ್ತು.

ಐದನೆಯ ತಿಂಗಳಿಗೆ ಕಬ್ಬಿಣದಣ್ಣ ತಾವೇ ಹೋಗಿ ಹೊಸ ಕೋಲು ತಂದರು. ಹಗುರ, ಹೊಳಪು, ಹಿಡಿದು ಅಲುಗಿಸಿದರೆ ತುದಿ ಮಾತ್ರ ಒಂದಿಷ್ಟು ಅದುರುವಷ್ಟು ಬಿಗಿ. ಲೇತ್‌ನಲ್ಲಿ ಬಾಗುವ ಉಳಿ ಕೆಲಸ ಕೆಡಿಸುತ್ತದೆ. ಬಾಗದ ಉಳಿಯೇ ಉಳಿ. ಅದೇ ಲೆಕ್ಕದಲ್ಲಿ, ಅಂಗಡಿಯಲ್ಲಿದ್ದುದರಲ್ಲೇ ಗಟ್ಟಿಯಾದುದನ್ನು ಅವರು ಆರಿಸಿದ್ದರು. ಹೆಂಡತಿಯ ಕೈಯಲ್ಲಿಲ್ಲದ ಬಲ ಕೋಲಿನಲ್ಲಿರಲಿ ಎಂಬುದು ಅವರ ಆಸೆ. ಅದನ್ನು ಬಾಯಿಬಿಟ್ಟು ಹೇಳುವವರಲ್ಲ. ಬಾಗಿಲ ಸಂದಿಯಲ್ಲಿ ಒರಗಿಸಿಟ್ಟು, ಬಂದಿದೆ ನೋಡು ಎಂದರಂತೆ, ಅಷ್ಟೇ.

ಟೈಪಿಸ್ಟಮ್ಮ ಹೊಸ ರೀತಿ ಕಲಿತರು. ಎಡಗೈಯಿಂದ ಬೀಸುವುದು, ಕೋಲಿನ ಬುಡವನ್ನು ಬಲಗಂಕುಳಿಗೆ ಸಿಕ್ಕಿಸುವುದು, ಬಲಗೈಯನ್ನು ಕೋಲಿಗೆ ಆಸರೆಯಾಗಿಟ್ಟು ಎಡಗೈಯಿಂದ ದಾರ ಸುತ್ತುವುದು. ಮೊದಲ ಭಾನುವಾರ ಒಂದು ಮೀನು ಕಚ್ಚಿತು, ತಲೆ ಒದರಿತು, ತಪ್ಪಿಸಿಕೊಂಡಿತು. ಎರಡನೆಯ ವಾರ ಇನ್ನೊಂದು. ನಾಲ್ಕನೆಯ ವಾರ ದಡದ ಹತ್ತಿರಕ್ಕೇ ಬಂದ ದೊಡ್ಡದೊಂದು, ನಾವು ಮೂವರೂ ನೋಡುತ್ತಿದ್ದಂತೆ ಕೊಕ್ಕೆ ಕಳಚಿಕೊಂಡು ಹೋಯಿತು. ಟೈಪಿಸ್ಟಮ್ಮ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಅದು ಬೇರೆ ಯಾರದೋ ಎಂಬಂತೆ ನೋಡಿದರು.

ಮರುದಿನ ಚೆಂಡಿನ ಎಣಿಕೆ ಕೇಳಿಸಲಿಲ್ಲ. ಮೂರನೆಯ ದಿನ ಅವರು ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಅವರ ಪ್ಲಾಸ್ಟಿಕ್ ಮೀನುಗಳೆಲ್ಲ ಹತ್ತಿಯ ಮೇಲೆ ಸಾಲಾಗಿ ಮಲಗಿದ್ದವು.

“ಯಾರಿಗಾದ್ರೂ ಕೊಟ್ಬಿಡಿ ಮೇಷ್ಟ್ರೇ. ಕೈ ಸತ್ತಿದೆ. ಸತ್ತಿದ್ದನ್ನ ಎಷ್ಟು ದಿನ ಅಂತ ಎತ್ಕೊಂಡು ತಿರುಗೋದು?”

ನಾನು ಡಬ್ಬಿಯ ಮುಚ್ಚಳ ಮುಚ್ಚಿ ಕಪಾಟಿನಲ್ಲಿಟ್ಟೆ. ಸಂಜೆ ಕಬ್ಬಿಣದಣ್ಣನಿಗೆ ವಿಷಯ ತಿಳಿಸಿದೆ. ಅವರು ಇದಕ್ಕಿಂತ ಗಟ್ಟಿ ಕೋಲು ಎಲ್ಲಾದರೂ ಸಿಗಬಹುದೇ ಎಂದು ಕೇಳಿದರು.

ನಿಲ್ದಾಣದ ಹಿಂದಿನ ಓಣಿಯಲ್ಲಿ ಗಾಳದ ಕೋಲುಗಳನ್ನು ದುರಸ್ತಿ ಮಾಡುವ ಒಬ್ಬ ಮುದುಕಿ ಇದ್ದಳು. ದಾರ ಹಾಯುವ ಉಂಗುರಗಳನ್ನು ಕೋಲಿಗೆ ನೂಲಿನಿಂದ ಸುತ್ತಿ ಕೂರಿಸುವುದು ಅವಳ ಕಸುಬು. ಎಲ್ಲರಿಗೂ ಅವಳು ನೂಲಜ್ಜಿ. ನಾವಿಬ್ಬರೂ ಹೋಗಿ ಗಟ್ಟಿ ಕೋಲು ಕೇಳಿದೆವು. ಅವಳು ಕನ್ನಡಕ ಮೇಲೇರಿಸಿ ಕಬ್ಬಿಣದಣ್ಣನ ಕೈ ನೋಡಿದಳು, ನನ್ನ ಕೈ ನೋಡಿದಳು. ಗಾಳ ಹಾಕುವ ಕೈ ಇವೆರಡೂ ಅಲ್ಲವೆಂದೂ, ಆ ಕೈ ಬಾರದೆ ತಾನು ಕೋಲು ಕೊಡುವುದಿಲ್ಲವೆಂದೂ ಹೇಳಿ ಮತ್ತೆ ನೂಲು ಸುತ್ತತೊಡಗಿದಳು.

ಹಾಗಾಗಿ ನಾನೊಂದು ಉಪಾಯ ಮಾಡಿದೆ. ಡಬ್ಬಿಯನ್ನು ನೂಲಜ್ಜಿಗೆ ಕೊಡುವುದಾದರೆ ನೀವೇ ಕೈಯಾರೆ ಕೊಡಿ ಎಂದು ಟೈಪಿಸ್ಟಮ್ಮನಿಗೆ ಹೇಳಿದೆ. ಅವರು ಬೇಡವೆನ್ನಲಿಲ್ಲ. ಮರುದಿನ ಮೂವರೂ ಹೊರಟೆವು. ಕಬ್ಬಿಣದಣ್ಣ ತಾವು ತಂದಿದ್ದ ಬಿಗಿ ಕೋಲನ್ನೂ ಹಿಡಿದುಕೊಂಡಿದ್ದರು.

ನೂಲಜ್ಜಿ ಡಬ್ಬಿಯನ್ನು ತೆರೆದು, ಅಗಲ ನಾಲಿಗೆಯ ಮೀನೊಂದನ್ನು ಎತ್ತಿಕೊಂಡಳು. ಕೊಟ್ಟದ್ದಕ್ಕೆ ಸಂತೋಷವೆನ್ನದೆ, ಎಲ್ಲರನ್ನೂ ಹಿತ್ತಲಿಗೆ ಕರೆದಳು. ಬಟ್ಟೆ ಒಣಹಾಕುವ ತಂತಿಯ ಕೆಳಗೆ ಇಪ್ಪತ್ತು ಹೆಜ್ಜೆಯಷ್ಟು ಬಯಲು. ಬಿಗಿ ಕೋಲಿನ ದಾರಕ್ಕೆ ಆ ಮೀನು ಕಟ್ಟಿ, ಅದರ ಸಣ್ಣ ಕೊಕ್ಕೆಯೊಂದನ್ನು ಮಡಿಸಿದ ಗೋಣಿಯ ತುಂಡಿಗೆ ಸಿಕ್ಕಿಸಿ, ಗೋಣಿಯನ್ನು ಕಬ್ಬಿಣದಣ್ಣನ ಕೈಗಿತ್ತು ಆ ತುದಿಗೆ ಕಳಿಸಿದಳು.

“ಈಗ ನೀವೇ ಮೀನು,” ಎಂದಳು. “ಬಿಡಿಸ್ಕೊಂಡು ಹೋಗಿ ನೋಡೋಣ.”

ಟೈಪಿಸ್ಟಮ್ಮ ಮನಸ್ಸಿಲ್ಲದೆ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ದಾರ ಬಿಗಿ ಮಾಡಿದರು. ಕಬ್ಬಿಣದಣ್ಣ ಮುಜುಗರದಿಂದ ಒಮ್ಮೆ ನನ್ನ ಕಡೆ ನೋಡಿ, ಗೋಣಿಯನ್ನು ಹಿಂದಕ್ಕೆ ಜಗ್ಗಿ, ಥಟ್ಟನೆ ಮುಂದಕ್ಕೆ ಬಂದರು. ದಾರ ಒಂದು ಕ್ಷಣ ಸಡಿಲವಾಯಿತು. ಕೊಕ್ಕೆ ನೆಲಕ್ಕೆ ಬಿತ್ತು. ಮತ್ತೊಮ್ಮೆ ಸಿಕ್ಕಿಸಿದಾಗಲೂ ಬಿತ್ತು. ಮೂರನೆಯ ಸಲ ಅವರು ಸುಮ್ಮನೆ ಮಣಿಕಟ್ಟು ತಿರುಗಿಸಿದ್ದಕ್ಕೇ ಬಿತ್ತು.

ನೂಲಜ್ಜಿ ಒಳಗಿನಿಂದ ಇನ್ನೊಂದು ಕೋಲು ತಂದಳು. ಫೈಬರ್‌ಗ್ಲಾಸ್‌ನ ಹಳದಿ ಕೋಲು, ಮೊದಲಿನದಕ್ಕಿಂತ ಒಂದು ಗೇಣು ಉದ್ದ, ತೂಕವೂ ತುಸು ಹೆಚ್ಚು. ನೋಡಲು ಏನೇನೂ ಚಂದವಿಲ್ಲ. ಅದಕ್ಕೆ ದಾರ ಕಟ್ಟಿ ಎಳೆದಾಗ ಅದು ತುದಿಯಿಂದ ನಡುವಿನವರೆಗೂ ಮೆಲ್ಲಗೆ ಬಾಗಿತು. ಕಬ್ಬಿಣದಣ್ಣ ಜಗ್ಗಿದರು, ಕೋಲು ಇನ್ನೂ ಬಾಗಿತು. ಮುಂದಕ್ಕೆ ಬಂದರು, ಕೋಲು ಅಷ್ಟೇ ನೆಟ್ಟಗಾಗಿ ದಾರವನ್ನು ಬಿಗಿಯಾಗಿಯೇ ಇಟ್ಟಿತು. ಎಡಕ್ಕೆ ಓಡಿದರು, ಬಲಕ್ಕೆ ಓಡಿದರು, ತಂತಿಯ ಮೇಲಿದ್ದ ಟವೆಲ್ ತಲೆಗೆ ಸುತ್ತಿಕೊಂಡಿತು. ಅರವತ್ತೈದರ ಮನುಷ್ಯ ಏದುಸಿರು ಬಿಡುತ್ತ ನಿಂತರು. ಕೊಕ್ಕೆ ಗೋಣಿಯಲ್ಲೇ ಇತ್ತು. ಟೈಪಿಸ್ಟಮ್ಮ ನಿಂತ ಜಾಗದಿಂದ ಒಂದು ಹೆಜ್ಜೆಯೂ ಕದಲಿರಲಿಲ್ಲ.

ಆಳಕ್ಕಿಳಿಯುವ ಈ ಪ್ಲಾಸ್ಟಿಕ್ ಮೀನಿನ ಕೊಕ್ಕೆಗಳು ಸಣ್ಣವು, ಹೆಚ್ಚು ಆಳ ಚುಚ್ಚುವುದಿಲ್ಲ, ದಾರ ಸಡಿಲವಾದರೆ ಕಳಚುತ್ತವೆ, ಥಟ್ಟನೆ ಜಗ್ಗಿದರೆ ಹರಿದುಕೊಂಡು ಬರುತ್ತವೆ ಎಂದು ನೂಲಜ್ಜಿ ವಿವರಿಸಿದಳು. ಗಟ್ಟಿ ಕೋಲಿದ್ದರೆ ಬಾಗುವ ಕೆಲಸವೆಲ್ಲ ತೋಳಿನ ಪಾಲಿಗೆ ಬರುತ್ತದೆಯಂತೆ; ಬಲವಾದ ತೋಳಾದರೆ ಹೇಗೋ ನಿಭಾಯಿಸುತ್ತದೆಯಂತೆ. ಉದ್ದವಿದ್ದರೆ ಕಡಿಮೆ ಬೀಸಿದರೂ ದೂರ ಬೀಳುತ್ತದೆ, ದೂರ ಬಿದ್ದಷ್ಟೂ ಆಳಕ್ಕೆ ಇಳಿಯಲು ಅವಕಾಶ ಎಂದೂ ಸೇರಿಸಿದಳು. ಕಬ್ಬಿಣದಣ್ಣ ಅದನ್ನು ಕೇಳುತ್ತಿದ್ದಂತೆ ನನಗೆ ಕಾಣಲಿಲ್ಲ. ಗೋಣಿಯನ್ನು ಎರಡೂ ಕೈಯಲ್ಲಿ ಹಿಡಿದು, ಹೆಂಡತಿಯ ಮುಂದೆ ಬಂದು ನಿಂತರು.

“ನಿನ್ನ ಕೈದಲ್ಲ ತಪ್ಪು,” ಎಂದರು. “ನಾನು ತಂದ ಕೋಲಿಂದು. ಆ ಮೂರು ಮೀನೂ ನಾನೇ ಬಿಡಿಸಿದ್ದು.”

ಟೈಪಿಸ್ಟಮ್ಮ ಗಂಡನ ತಲೆಯ ಮೇಲಿದ್ದ ಟವೆಲನ್ನು ಬಲಗೈಯಿಂದ ತೆಗೆಯಲು ಹೋದರು. ಅದು ಬೆರಳುಗಳಿಂದ ಜಾರಿತು. ಮತ್ತೊಮ್ಮೆ ಹಿಡಿದು ತೆಗೆದರು.

“ನೀವು ಮೀನಾಗೇ ತಿಳ್ಕೋಬೇಕಾಯ್ತಲ್ಲ ರೀ,” ಎಂದರು. ಹಳದಿ ಕೋಲನ್ನು ಕೊಂಡು ಹೊರಡುವಾಗ ನೂಲಜ್ಜಿ ಬಿಸ್ಕತ್ತಿನ ಡಬ್ಬಿಯನ್ನು ಕೇಳದೆಯೇ ಅವರ ಚೀಲಕ್ಕೆ ಹಾಕಿದಳು.

ಆ ಭಾನುವಾರ ಗಣಿಯಲ್ಲಿ ಗಾಳಿಯಿರಲಿಲ್ಲ. ಹಳದಿ ಕೋಲನ್ನು ಎಡಗೈಯಿಂದ ಬೀಸಿ, ಟೈಪಿಸ್ಟಮ್ಮ ಕಣ್ಣು ಮುಚ್ಚಿ ದಾರ ಸುತ್ತತೊಡಗಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

“ಜಲ್ಲಿ,” ಎಂದರು. ಆಮೇಲೆ, ಸಂಶಯದಿಂದ, “ಬಂಡೆ ಇರ್ಬೇಕು.”

ಮೊದಲಿನಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಅದನ್ನು ಅವರೇ ಒಪ್ಪಿಕೊಂಡರು. ಆದರೆ ತಿಳಿಯುತ್ತಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಕೋಲು ಅರ್ಧದವರೆಗೆ ಬಾಗಿತು. ಕಬ್ಬಿಣದಣ್ಣ ಪತ್ರಿಕೆ ಎಸೆದು ಕೈ ಚಾಚಿದರು. “ಮುಟ್ಟಬೇಡಿ,” ಎಂದರು ಟೈಪಿಸ್ಟಮ್ಮ. ಅವರು ಮುಟ್ಟಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತರಗತಿಯ ಹೊರಗೆ ನಿಲ್ಲಿಸಿದ ಹುಡುಗನ ಹಾಗೆ ನಿಂತರು. ಮೀನು ನಾಲ್ಕು ಸಲ ತಲೆ ಒದರಿತು. ಬಲೆ ಹಿಡಿದವನು ನಾನು. ಟೈಪಿಸ್ಟಮ್ಮ ನೀರಿನಂಚಿಗೆ ಕುಳಿತು, ಬಲಗೈಯನ್ನು ಆ ಮೀನಿನ ಬೆನ್ನ ಮೇಲಿಟ್ಟು, ಅದು ಒದ್ದಾಟ ಬಿಟ್ಟು ಶಾಂತವಾಗುವವರೆಗೆ ತೆಗೆಯಲಿಲ್ಲ. ಅನಂತರ ಅದನ್ನು ನೀರಿಗೇ ಬಿಟ್ಟರು.

ಸೋಮವಾರ ಎದುರುಮನೆಯಿಂದ ಚೆಂಡಿನ ಎಣಿಕೆ ಮತ್ತೆ ಕೇಳಿಸಿತು.

ಎರಡು ವರ್ಷಗಳ ಮೇಲೆ ಲಕ್ವದ ಇನ್ನೊಂದು ಹೊಡೆತ ಬಂದು ಟೈಪಿಸ್ಟಮ್ಮ ತೀರಿಕೊಂಡರು. ಆ ಬಿಗಿ ಕೋಲನ್ನು ಕಬ್ಬಿಣದಣ್ಣ ಯಾರಿಗೂ ಕೊಟ್ಟಿಲ್ಲ. ಅದು ಈಗಲೂ ಬಾಗಿಲ ಸಂದಿಯಲ್ಲಿದೆ. ಹಳದಿ ಕೋಲನ್ನು ಹಿಡಿದು ಭಾನುವಾರ ಅವರೇ ಗಣಿಗೆ ಹೋಗುತ್ತಾರೆ. ನಾನೂ ಕೆಲವೊಮ್ಮೆ ಜೊತೆಗಿರುತ್ತೇನೆ. ಅವರ ಎರಡೂ ಕೈಗಳು ಗಟ್ಟಿಯಾಗಿವೆ. ಆದರೂ ಎಡಗೈಯಿಂದ ಬೀಸಿ, ಬುಡವನ್ನು ಬಲಗಂಕುಳಿಗೆ ಸಿಕ್ಕಿಸಿಕೊಂಡೇ ದಾರ ಸುತ್ತುತ್ತಾರೆ. ಗಾಳ ಹಾಕುವುದನ್ನು ಅವರು ನೋಡಿ ಕಲಿತದ್ದೇ ಹಾಗೆ.