ಕೊಕ್ಕನೂರಿನ ದುರುಗಮ್ಮನ ಕುಂಕುಮದ ಭರಣಿ

ನಸುಕಿನ ಹೊತ್ತು, ಹರಿಹರದ ಸರ್ಕಾರಿ ಆಸ್ಪತ್ರೆಯ ಪಡಸಾಲೆಯ ದೀಪಗಳನ್ನು ಇನ್ನೂ ಆರಿಸಿಲ್ಲ. ಕೊಕ್ಕನೂರಿನ ಆಶಾ ಕಾರ್ಯಕರ್ತೆ ದುರುಗಮ್ಮ ತಮ್ಮ ಚೀಲವನ್ನು ಬೆಂಚಿನ ಮೇಲೆ ಸುರಿದು ಹುಡುಕುತ್ತಿದ್ದಾರೆ. ಟವೆಲ್ಲು, ಬಿಸಿನೀರಿನ ಫ್ಲಾಸ್ಕು, ಮೆತ್ತನೆಯ ಹಳೆ ಸೀರೆ, ಬಾಚಣಿಗೆ ಎಲ್ಲವೂ ಬಂದಿವೆ. ಹಿತ್ತಾಳೆಯ ಕುಂಕುಮದ ಭರಣಿ ಮಾತ್ರ ಬಂದಿಲ್ಲ.

"ಒಬ್ಬರ ಮನ್ಯಾಗ ಕೂಸಿಗೆ ಜ್ವರ ಇತ್ತು, ನೋಡಿ ಬರೋದ್ರಾಗೆ ಹೊತ್ತಾತು. ಅವಸರದಾಗೆ ಬಿಟ್ಟು ಬಂದೀನಿ. ಒಲಿ ಪಕ್ಕದಾಗೆ ಕುಂತಿರ್ತೈತೆ ನೋಡ್ರಿ ಅದು," ಎನ್ನುತ್ತಾರೆ.

ಅವರ ಜೊತೆ ಬಂದಿರುವ ಅಂಬಿಕಾ ಮೂರು ಮಕ್ಕಳ ತಾಯಿ. ಇನ್ನು ಮಕ್ಕಳು ಸಾಕೆಂದು ಇಂದು ಆಪರೇಷನ್ ಮಾಡಿಸಿಕೊಳ್ಳಲಿದ್ದಾಳೆ. ಕಡೆಯ ಹೆರಿಗೆಯಲ್ಲಿ ರಕ್ತ ಹೋಗಿ ಬದುಕಿದ್ದೇ ಹೆಚ್ಚು. ಇನ್ನೊಂದು ಬಸಿರು ಆಕೆಯ ಮೈಗೆ ಆಗದು. ಗಂಡ, ಅತ್ತೆ ಒಪ್ಪಲು ಬಹಳ ದಿನ ಹಿಡಿಯಿತು. ಇಂದು ವಾಪಸು ಹೋದರೆ ಮತ್ತೆ ಒಪ್ಪುತ್ತಾರೆಂಬ ನಂಬಿಕೆ ಆಕೆಗಿಲ್ಲ.

ದುರುಗಮ್ಮ ಯಾರನ್ನೂ ಇದಕ್ಕೆ ಒತ್ತಾಯಿಸುವವರಲ್ಲ. "ಬೇರೆ ದಾರಿನೂ ಅದಾವೆ, ಎಲ್ಲಾ ಹೇಳ್ತೀನಿ. ಇದು ಮಾಡಿಸ್ಕಂಡ್ರೆ ಮುಗೀತು, ತಿರುಗಿ ಬರಂಗಿಲ್ಲ ಅಂತನೂ ಹೇಳ್ತೀನಿ. ಆಮ್ಯಾಲೆ ಆಕಿನೇ ಬಂದು ನನ್ನ ಕದ ಬಡೀಬೇಕು," ಎನ್ನುವುದು ಅವರ ಮಾತು.

ಆಪರೇಷನ್ ಕೋಣೆಗೆ ಹೋಗುವಾಗ ಮೈಮೇಲೆ ಒಡವೆ ಇರಬಾರದು. ಬಳೆ, ಓಲೆ ತೆಗೆಯಲು ಯಾರೂ ಹಿಂಜರಿಯುವುದಿಲ್ಲ. ತೊಡಕಿರುವುದು ತಾಳಿಯದು. ಇಳಿಸಿದ ತಾಳಿ ಮುತ್ತೈದೆಯ ಕೈಯಲ್ಲೇ ಇರಬೇಕೆಂಬುದು ನಮ್ಮ ಕಡೆಯ ಕಟ್ಟಳೆ. ದುರುಗಮ್ಮನಿಗೆ ಗಂಡ ಇಲ್ಲ. ಅದಕ್ಕೇ ಆ ಭರಣಿ. ತಮ್ಮ ಮದುವೆಯಲ್ಲಿ ಬಂದದ್ದು, ಈಗ ಕುಂಕುಮಕ್ಕೆ ಬಳಕೆಯಿಲ್ಲದ್ದು. ಅದರಲ್ಲಿ ಹರಿಹರೇಶ್ವರನ ಗುಡಿಯ ಅಕ್ಷತೆ ತುಂಬಿದ್ದಾರೆ. ತಾಳಿಯನ್ನು ಅದರೊಳಗೆ ಇಳಿಬಿಟ್ಟರೆ ಅದು ದೇವರ ಉಡಿಯಲ್ಲಿದ್ದಂತೆ. ವಿಧವೆಯ ಕೈ ಸೋಕಲಿಲ್ಲವೆಂದು ಅತ್ತೆಯಂದಿರು ಸುಮ್ಮನಾಗುತ್ತಾರೆ.

ಇಂದು ಅಂಬಿಕಾಳ ಅತ್ತೆ ಕೆಂಚಕ್ಕ ಸುಮ್ಮನಾಗುವಂತಿಲ್ಲ. ಅವರೂ ಗಂಡನನ್ನು ಕಳೆದುಕೊಂಡವರೇ.

"ನಾನು ಮುಟ್ಟಂಗಿಲ್ಲ, ನೀನು ಮುಟ್ಟಂಗಿಲ್ಲ. ಇನ್ಯಾರ ಕೈಗೆ ಕೊಡ್ತೀಯವ್ವ?"

"ಅಲ್ಲಿ ಕುಂತಾರಲ್ಲ, ಆ ಹೆಣ್ಮಕ್ಕಳನ್ನ ಕೇಳ್ಲಾ?" ಎನ್ನುತ್ತಾರೆ ದುರುಗಮ್ಮ.

"ಗುರುತಿಲ್ಲದೋರ ಕೈಗೆ ಬಂಗಾರ ಕೊಡ್ಲಾ? ಬ್ಯಾಡ ಬಿಡು. ಇವತ್ತು ಯಾಕೋ ಶಕುನ ಸರಿ ಇಲ್ಲ. ಮುಂದಿನ ಸಲ ಬರೋಣ."

ಅವರನ್ನು ಕರೆತಂದ ಆಟೋದ ಬಡೇಸಾಬ್ ಬಾಗಿಲಿಂದ ಇಣುಕಿ, "ಅಕ್ಕ, ಊರಿಗೆ ಹೋಗಿ ಡಬ್ಬಿ ತರ್ಲಾ?" ಎನ್ನುತ್ತಾರೆ.

"ನಿನ್ನ ಆಟೋ ಹೋಗಿ ಬರೋದ್ರಾಗೆ ಈಕಿ ಹೊಲಿಗೆ ಒಣಗಿರ್ತೈತೆ, ಸುಮ್ನಿರಪ್ಪ," ಎನ್ನುತ್ತಾರೆ ದುರುಗಮ್ಮ.

ಯಾರೂ ನಗುವುದಿಲ್ಲ. ಒಳಗಿನಿಂದ ನರ್ಸ್ ಮೀನಾಕ್ಷಿ ಅಂಬಿಕಾಳ ಹೆಸರು ಕೂಗುತ್ತಾರೆ. ಎರಡನೆಯ ಸಲವೂ ಕೂಗುತ್ತಾರೆ. ಅಂಬಿಕಾ ಎದ್ದು ನಿಂತು, ತಾಳಿಯ ಸರವನ್ನು ತಾನೇ ತಲೆಯ ಮೇಲಿಂದ ತೆಗೆದು ದುರುಗಮ್ಮನ ಅಂಗೈಯಲ್ಲಿ ಇಡುತ್ತಾಳೆ.

"ಅತ್ತೆ, ಅವತ್ತು ಹೆರಿಗಿಯಾಗೆ ನನ್ನ ರಕ್ತ ತೊಳೆದ ಕೈ ಇದು. ಅವತ್ತು ಆಗದ ಮೈಲಿಗಿ ಇವತ್ತು ಹೆಂಗೆ ಆಗ್ತೈತೆ?" ಎಂದು ಉತ್ತರಕ್ಕೆ ಕಾಯದೆ ಒಳಗೆ ಹೋಗುತ್ತಾಳೆ.

ದುರುಗಮ್ಮ ಮುಷ್ಟಿ ಮುಚ್ಚುತ್ತಾರೆ. ಅಲ್ಲಿಂದ ಅವರು ನಿಂತಲ್ಲಿ ನಿಲ್ಲುವುದಿಲ್ಲ. ಬಾಗಿಲ ತನಕ ಹೋಗುತ್ತಾರೆ, ಕಿಟಕಿಗೆ ಬರುತ್ತಾರೆ, ಕೂರುತ್ತಾರೆ, ಏಳುತ್ತಾರೆ. ಬಡೇಸಾಬ್ ತಂದ ಚಹಾ ಬೆಂಚಿನ ಮೇಲೆ ಆರುತ್ತದೆ. ಕೆಂಚಕ್ಕ ಆ ಮುಷ್ಟಿಯ ಮೇಲಿಟ್ಟ ಕಣ್ಣು ತೆಗೆಯುವುದಿಲ್ಲ.

"ಒಳಗೆ ಏನಾರ ಹೆಚ್ಚು ಕಮ್ಮಿ ಆದ್ರೆ ದೂರು ನನ್ನ ಕೈಗೇ ಬರ್ತೈತ್ರಿ," ಎಂದು ದುರುಗಮ್ಮ ತಗ್ಗಿದ ದನಿಯಲ್ಲಿ ಹೇಳುತ್ತಾರೆ. "ಆಕಿ ಗಂಡಗೆ ಒಂದು ನೆಗಡಿ ಬಂದ್ರೂ ನನ್ನ ಕೈಗೇ. ಆಮ್ಯಾಲೆ ಊರಾಗೆ ಯಾವ ಹೆಣ್ಮಗಳು ನನ್ನ ಕೂಡ ಬರ್ತಾಳೆ?"

ಬರಿದಾದ ಕೊರಳನ್ನು ಈ ವರ್ಷ ನಮ್ಮ ಮನೆಯಲ್ಲೇ ಕಂಡ ನನಗೆ ಆ ಮಾತಿನ ಭಾರ ತಿಳಿಯುತ್ತದೆ. ಕೊಡುವವನೂ ಕೊಂಡೊಯ್ಯುವವನೂ ದೇವರು. ಹಿಡಿದ ಕೈಗೆ ಅದರಲ್ಲಿ ಪಾಲಿಲ್ಲ.

ಈ ಕೆಲಸಕ್ಕೆ ಬರುವ ಮೊದಲು ದುರುಗಮ್ಮ ಕೂಲಿಗೆ ಹೋಗುತ್ತಿದ್ದರು. ಅವರೂ ಇದೇ ಆಪರೇಷನ್ ಮಾಡಿಸಿಕೊಂಡವರು. "ಮೂರನೇ ದಿನಕ್ಕೇ ನೀರಿನ ಕೊಡ ಹೊತ್ತೆ. ಹೊಲಿಗೆ ಬಿಚ್ಚಿ ಕೀವಾತು. ತಿಂಗಳುಗಟ್ಟಲೆ ನರಳಿದೆ. ಬಾ, ಮಲಕ್ಕೋ ಅನ್ನೋರು ಯಾರೂ ಇರ್ಲಿಲ್ಲ," ಎಂದು ನೆನೆಯುತ್ತಾರೆ. ಆಮೇಲೆ ಗಂಡ ಗಿಡ್ಡಪ್ಪ ಕಾಮಾಲೆಯಲ್ಲಿ ತೀರಿಕೊಂಡರು. ಊರಿನ ಎಷ್ಟು ಹೆಂಗಸರನ್ನು ಹೀಗೆ ಕರೆತಂದಿದ್ದೀರಿ ಎಂದರೆ ಲೆಕ್ಕ ಇಟ್ಟಿಲ್ಲ ಎನ್ನುತ್ತಾರೆ. "ಮನಿಗೊಬ್ಬಾಕಿ ಅಂದ್ಕಳ್ರಿ."

ಕೊನೆಗೆ ಬಾಗಿಲು ತೆರೆಯುತ್ತದೆ. ಅಂಬಿಕಾಳನ್ನು ತಂದು ಮಲಗಿಸುತ್ತಾರೆ. ಎಲ್ಲ ಸರಿಯಾಗಿದೆ ಎಂದು ಮೀನಾಕ್ಷಿ ಹೇಳಿದರೂ ದುರುಗಮ್ಮನಿಗೆ ಸಮಾಧಾನವಿಲ್ಲ. ಆಕೆ ಕಣ್ಣು ಬಿಟ್ಟು, ನೀರು ಕುಡಿದು, ಗೋಡೆ ಹಿಡಿದು ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆಯೇ ಮುಷ್ಟಿ ಬಿಚ್ಚುತ್ತಾರೆ. ಅಂಗೈಯಲ್ಲಿ ತಾಳಿಯ ಅಚ್ಚು ಮೂಡಿದೆ. ಕೆಂಚಕ್ಕ ಮುತ್ತೈದೆಯಾದ ಮೀನಾಕ್ಷಿಯನ್ನೇ ಕರೆದು ಸೊಸೆಯ ಕೊರಳಿಗೆ ಸರ ಹಾಕಿಸುತ್ತಾರೆ. ದುರುಗಮ್ಮ ಪಕ್ಕಕ್ಕೆ ಸರಿದು, ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿಯುತ್ತಾರೆ.

ಮರುದಿನ ವೈದ್ಯರು ನೋಡಿ ಕಳಿಸಿದ ಮೇಲೆ ಆಟೋ ಹೊರಡುವುದು ಕೊಕ್ಕನೂರಿಗಲ್ಲ, ದಾವಣಗೆರೆಯ ನಿಟ್ಟುವಳ್ಳಿಗೆ, ಅಂಬಿಕಾಳ ತವರಿಗೆ. ಇದೂ ದುರುಗಮ್ಮನದೇ ಹಟ. "ಗಂಡನ ಮನ್ಯಾಗ ಕೊಡ ಕಣ್ಣಿಗೆ ಬೀಳ್ತೈತೆ. ಕಂಡ್ರೆ ಎತ್ತಂಗಾಗ್ತೈತೆ." ದಾರಿಯ ಬಾತಿ ಊರು ದಾಟುವವರೆಗೂ ಬಡೇಸಾಬ್ ರಸ್ತೆಯ ಪ್ರತಿ ಉಬ್ಬಿನಲ್ಲಿ ಆಟೋವನ್ನು ತೊಟ್ಟಿಲಂತೆ ಇಳಿಸುತ್ತಾರೆ. ಜ್ವರ ಬಂದರೆ, ಹೊಟ್ಟೆ ನೋವು ಹೆಚ್ಚಾದರೆ, ಹೊಲಿಗೆ ಕೆಂಪಾದರೆ ಯಾವ ಹೊತ್ತಾದರೂ ಫೋನ್ ಮಾಡಬೇಕೆಂದು ದುರುಗಮ್ಮ ದಾರಿಯುದ್ದಕ್ಕೂ ಹೇಳುತ್ತಲೇ ಇರುತ್ತಾರೆ.

ಹೊಲಿಗೆ ಬಿಚ್ಚುವ ದಿನ ಮತ್ತೆ ಅದೇ ಬೆಂಚು. ಗಾಯ ಒಣಗಿದೆ. ಅಂಬಿಕಾ ನೆಟ್ಟಗೆ ನಡೆದು ಬರುತ್ತಾಳೆ. ಮಗನಿಗೆ ನೆಗಡಿಯೂ ಬರಲಿಲ್ಲವೆಂದು ಕೆಂಚಕ್ಕ ಯಾರೂ ಕೇಳದಿದ್ದರೂ ಹೇಳುತ್ತಾರೆ. ಹೇಳಿ, ದುರುಗಮ್ಮನ ಪಕ್ಕದಲ್ಲೇ ಕೂರುತ್ತಾರೆ.

ಅಂದು ಇನ್ನೊಬ್ಬ ಹೆಣ್ಣುಮಗಳ ಆಪರೇಷನ್ ಇದೆ. ಚೀಲದಲ್ಲಿ ಭರಣಿ ಇದೆ. ಇನ್ನೇನು ಆಸೆ ಎಂದು ಕೇಳಿದರೆ ದುರುಗಮ್ಮ ಅದರ ಮುಚ್ಚಳವನ್ನು ತಿರುವುತ್ತಾರೆ.

"ಒಂದಿನ ಇದನ್ನ ಮನ್ಯಾಗ ಬಿಟ್ಟು ಬರಬೇಕ್ರಿ," ಎನ್ನುತ್ತಾರೆ. "ಮರೆತು ಅಲ್ಲ, ಬೇಕಂತನೇ."