ಶರಣವ್ವನ ಚಿಕಿತ್ಸೆ

ಹುಬ್ಬಳ್ಳಿಯ ನಳದ ಪಾಳಿಯಲ್ಲಿ ಶರಣವ್ವ ಬಾಯಿ ತೆರೆದರೆ ಕೊಡಗಳೇ ಹಿಂದೆ ಸರಿಯುತ್ತಿದ್ದವು. ೧೯೮೪ರಲ್ಲಿ ಅವಳು ಅಮೆರಿಕದ ಮಿಲ್ಪಿಟಾಸ್‌ನಲ್ಲಿದ್ದ ಮಗನ ಮನೆಗೆ ಬಂದಾಗ ಇಂದು ಎಂಬ ಹೆಸರಿನ ಮೊಮ್ಮಗಳು ಅಲ್ಲಿರಲಿಲ್ಲ. ಸಿಗರೇಟು ಸೇದಿದಳೆಂದು, ದಾರಿ ತಪ್ಪಿದ ಮಕ್ಕಳನ್ನು ರಿಪೇರಿ ಮಾಡುವ ಬೋರ್ಡಿಂಗ್ ಸ್ಕೂಲಿಗೆ ಅವಳನ್ನು ಹಾಕಿದ್ದರು. ಅಲ್ಲಿ ಅವಳು ಮೂರು ತಿಂಗಳಿಂದ ತುಟಿ ಬಿಚ್ಚಿರಲಿಲ್ಲ.

ಪಾಲಕರ ದಿನ ಮಕ್ಕಳನ್ನೂ ಮನೆಯವರನ್ನೂ ದುಂಡಗೆ ಕೂರಿಸಿದ ಸ್ಕೂಲಿನ ಕೌನ್ಸೆಲರ್, ಒಳಗಿನ ಸಿಟ್ಟನ್ನೆಲ್ಲ ಬೈದು ಕಕ್ಕುವುದೇ ಚಿಕಿತ್ಸೆ ಎಂದ. ಮಗ ಅದನ್ನು ತಾಯಿಗೆ ತಿಳಿಸಿದ.

ಶರಣವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೌನ್ಸೆಲರ್‌ನತ್ತ ತಿರುಗಿದಳು. "ಭಾಡ್ಯಾ, ನಿನ್ನ ಬಾಯಾಗ ಮಣ್ಣ ಹಾಕ! ನನ್ನ ಕೂಸನ್ನ ಮೂಕಿ ಮಾಡಿಟ್ಟೀಯಲ್ಲೋ!" ಕಾಲು ಗಂಟೆ ಬೈದಳು, ಬೈದದ್ದನ್ನೇ ಬೈಯಲಿಲ್ಲ. ಅದನ್ನು ಇಂಗ್ಲಿಷಿಗೆ ತಿರುಗಿಸಲು ಹೆದರಿ ಮಗ ತನ್ನ ಬೂಟು ನೋಡುತ್ತ ಕುಳಿತ. ಆಗ ಮೊಮ್ಮಗಳು ಇಂದುವೇ ಎದ್ದು, ಒಂದಕ್ಷರ ಬಿಡದೆ ಎಲ್ಲವನ್ನೂ ಅನುವಾದಿಸಿದಳು.

ಕೌನ್ಸೆಲರ್ ಆನಂದಬಾಷ್ಪ ಒರೆಸಿಕೊಳ್ಳುತ್ತ ಏನೋ ಹೇಳಿದ.

"ಏನಂತಾನ ಅಂವಾ?" ಶರಣವ್ವ ಮಗನನ್ನು ಕೇಳಿದಳು.

"ಹುಡುಗಿ ಮಾತಾಡಿದ್ಲು, ನಮ್ಮ ಸ್ಕೂಲಿನ ಚಿಕಿತ್ಸಾ ಫಲಾ ಕೊಡ್ತು ಅಂತಾನವ್ವಾ."

ಶರಣವ್ವ ಮತ್ತೆ ಸೆರಗು ಸಿಕ್ಕಿಸಿದಳು.